ಇಪ್ಪತ್ತೊಂದನೆಯ ಸಾಲು

ಫೆಬ್ರವರಿ 26

ಗಡಿಬಿಡಿಗೆ,

ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಸಿಕ್ಕಿಸಿಕೊಂಡು ಓಡುತ್ತಿದ್ದ ನಿನಗೆ ಈ ಹೆಸರಿಟ್ಟವಳು ನಾನೇ. ಈಗ ಬೇರೆ ಹೆಸರುಗಳೂ ಬಾಯಿಗೆ ಬರುತ್ತಿವೆ. ಬರೆದರೆ ಕಾಗದ ಹೊತ್ತಿಕೊಂಡೀತು ಎಂದು ಸುಮ್ಮನಿದ್ದೇನೆ. ನೀನು ಹನ್ನೊಂದು ಸಲ ಫೋನ್ ಮಾಡಿದ್ದೀಯ. ನಾನು ಎತ್ತುವುದಿಲ್ಲ. ಫೋನಿನಲ್ಲಾದರೆ ಬೈದು ಮುಗಿಸುವಷ್ಟರಲ್ಲಿ ಅಳು ಬಂದುಬಿಡುತ್ತದೆ, ನಿನ್ನ ಕಿವಿಗೆ ನನ್ನ ಅಳು ಬೀಳುವುದು ನನಗೆ ಬೇಕಿಲ್ಲ. ಇನ್ನು ಏನಿದ್ದರೂ ಕಾಗದದಲ್ಲಿ.

ನಿನ್ನ ಭಾವನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಹನ್ನೊಂದನೇ ತಾರೀಖು ಮಧ್ಯಾಹ್ನ ಅವರ ಕ್ರೇನು ಎತ್ತಿದ್ದ ಕಬ್ಬಿಣದ ಹಲಗೆಗಳ ಕಟ್ಟು ಬಲಕ್ಕೆ ಸರಿಯುವಾಗ ಒಬ್ಬ ದಾರಿಯಲ್ಲೇ ನಿಂತಿದ್ದ. ಸರಪಳಿ ಬಿಗಿಯುವ ಕೆಲಸದವನು. ಅವನ ಬಲಪಾದ ಜಜ್ಜಿಹೋಗಿದೆ. ಕಟ್ಟನ್ನು ಸರಿಸುವ ಮೊದಲು ಮೂರು ಸಲ ಹಾರ್ನ್ ಒತ್ತಬೇಕು, ಅದು ನಿಯಮ. ಇವರು ಒತ್ತಿದೆ ಅನ್ನುತ್ತಾರೆ. ಕೆಳಗೆ ಕತ್ತರಿಸುವ ಯಂತ್ರಗಳು ಕಿರುಚುತ್ತಿದ್ದವು, ಕೇಳಿಸಿತು ಎನ್ನುವವರು ಒಬ್ಬರೂ ಇಲ್ಲ. ಹಾಗಾಗಿ ಅಧಿಕಾರಿಗಳು ನಿನ್ನ ಕಂಪನಿ ಕ್ರೇನಿನೊಳಗೆ ಕೂರಿಸಿದ ಆ ಪೆಟ್ಟಿಗೆಯನ್ನು ಕೇಳಿದರು. ಯಾವ ಗುಂಡಿ ಯಾವಾಗ ಒತ್ತಿದರು ಎಂದು ಬರೆದಿಡುವ ಪೆಟ್ಟಿಗೆ. ಅದರೊಳಗಿನದನ್ನು ಮುದ್ರಿಸಿ ಕಳಿಸಿದವನು ನೀನು. ಅದರಲ್ಲಿ ಆ ಸಲದ ಹಾರ್ನ್ ಇಲ್ಲ.

ಇಪ್ಪತ್ತೆರಡು ವರ್ಷ ಆ ಗೂಡಿನಲ್ಲಿ ಕೂತ ಮನುಷ್ಯ ಅವರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಹಿಡಿದವನು ನನ್ನ ತಮ್ಮನೇ ಆಗಬೇಕಿತ್ತೇ?

ಅಕ್ಕ


ಮಾರ್ಚ್ 5

ಅಕ್ಕ,

ನನ್ನ ಮೇಲೆ ಸಿಟ್ಟು ಮಾಡಿಕೋ, ಆದರೆ ನನ್ನ ಜಾಗದಲ್ಲಿ ನಿಂತು ಒಂದು ಸಲ ನೋಡು. ಅಧಿಕಾರಿಗಳು ಕೇಳಿದರು, ನಾನು ಕೊಟ್ಟೆ. ಭಾವನ ಹೆಸರಿದೆ ಎಂದು ಮುಚ್ಚಿಡಲು ಬರುತ್ತದೆಯೇ? ನಾನಲ್ಲದಿದ್ದರೆ ಕಂಪನಿಯ ಇನ್ನೊಬ್ಬ ಕಳಿಸುತ್ತಿದ್ದ, ಅಷ್ಟೇ ವ್ಯತ್ಯಾಸ.

ಆ ದಿನ ನಾನೂ ಭಾವನ ಕಾರ್ಖಾನೆಯ ಯಾರ್ಡಿನಲ್ಲಿದ್ದೆ, ನಿನಗೆ ಗೊತ್ತು. ಪೆಟ್ಟಿಗೆಯ ವರ್ಷಕ್ಕೊಮ್ಮೆಯ ತಪಾಸಣೆ. ಕೆಳಗಿನ ಕೋಣೆಯಲ್ಲಿ ಕೂತು ಅದರ ದಾಖಲೆ ತೋರಿಸುವ ಪರದೆ ನೋಡುತ್ತಿದ್ದೆ. ಕೂಗು ಕೇಳಿ ನಾನೂ ಎಲ್ಲರ ಜೊತೆ ಓಡಿದೆ. ಭಾವ ಏಣಿಯಿಂದ ಇಳಿದು ಬರುವಾಗ ಅವರ ಮುಖ ನೋಡಿದ್ದೇನೆ. ಆ ಮುಖ ಇನ್ನೂ ಕಣ್ಣೆದುರಿಗಿದೆ, ನಿನ್ನೆ ಬಸ್ಸಿನಲ್ಲಿ ಅದೇ ಯೋಚನೆಯಲ್ಲಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ.

ಆದರೂ ಒಂದು ಮಾತು ಹೇಳಲೇಬೇಕು. ಆ ಪೆಟ್ಟಿಗೆಯ ಪ್ರೋಗ್ರಾಂ ನಾನೇ ಬರೆದದ್ದು. ನಾಲ್ಕು ವರ್ಷದಿಂದ ಅರವತ್ತು ಕ್ರೇನುಗಳಲ್ಲಿ ಓಡುತ್ತಿದೆ, ಒಂದು ದಿನ ತಪ್ಪಿಲ್ಲ. ಗುಂಡಿ ಒತ್ತಿದರೆ ಫೈಲಿನಲ್ಲಿ ಒಂದು ಸಾಲು ಬೀಳುತ್ತದೆ, ಒತ್ತದಿದ್ದರೆ ಬೀಳುವುದಿಲ್ಲ. ಭಾವ ಸುಳ್ಳು ಹೇಳುವವರಲ್ಲ, ನಾನೂ ಬಲ್ಲೆ. ಆದರೆ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದ ಕೈಗೆ ಮಾಡಿದ್ದು ಯಾವುದು, ಮಾಡಿದೆ ಅಂದುಕೊಂಡದ್ದು ಯಾವುದು ಎಂಬುದು ಒಮ್ಮೊಮ್ಮೆ ಕಲಸಿಹೋಗುತ್ತದೆ. ನಾವು ಬೀಗ ಹಾಕಿ ಬಂದು ಹಾಕಿದೆವೋ ಇಲ್ಲವೋ ಎಂದು ಹಿಂದಿರುಗಿ ನೋಡುವುದಿಲ್ಲವೇ? ಮರೆತಿರಬಹುದು. ಮರೆವು ಅಪರಾಧವಲ್ಲ ಎಂದು ವಿಚಾರಣೆಯಲ್ಲಿ ಹೇಳಿದರೆ ಅವರೂ ಕರಗುತ್ತಾರೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ತಿಳಿಸದಿದ್ದರೂ ಅರ್ಥವಾಗುತ್ತದೆ.

ನಿನ್ನ ತಮ್ಮ


ಮಾರ್ಚ್ 14

ಗಡಿಬಿಡಿಗೆ,

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿನ್ನ ಮೊಲವನ್ನು ನೀನೇ ಮುದ್ದಾಡಿಕೋ.

ನಿನ್ನ ನಮಸ್ಕಾರ ತಿಳಿಸಿದೆ. ‘ಹೂಂ’ ಎಂದರು. ಈಗೀಗ ಅವರ ಮಾತು ಅಷ್ಟೇ. ಬೆಳಿಗ್ಗೆ ಆರಕ್ಕೆ ಎದ್ದು ಶೂ ಹಾಕಿಕೊಳ್ಳುತ್ತಾರೆ, ಕೂರುತ್ತಾರೆ, ಬಿಚ್ಚುತ್ತಾರೆ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಟ. ನನ್ನ ಹೊಲಿಗೆ ಮೆಷಿನ್ನು ಕಿಟಕಿಯ ಹತ್ತಿರವಿದೆ, ಪ್ರತಿ ಸುತ್ತಿಗೂ ನನ್ನ ಬೆಳಕಿಗೆ ಅಡ್ಡ. ‘ಸ್ವಲ್ಪ ಕೂತ್ಕೊಳ್ಳಿ, ಹೊಲಿಗೆ ಸೊಟ್ಟ ಹೋಗ್ತಿದೆ’ ಎಂದೆ. ಕೂತರು. ಕೂತ ಮೇಲೆ ಹೆಬ್ಬೆರಳು ಕುರ್ಚಿಯ ಕೈಯನ್ನು ಒತ್ತತೊಡಗಿತು. ಮೂರು ಸಲ ಒತ್ತುವುದು, ನಿಲ್ಲಿಸುವುದು. ಮತ್ತೆ ಮೂರು ಸಲ. ಅವರಿಗೆ ಅದು ಗೊತ್ತೇ ಇಲ್ಲ. ಓಡಾಡುತ್ತಿದ್ದದ್ದೇ ವಾಸಿಯಿತ್ತು ಅನ್ನಿಸಿತು.

ನಿನ್ನನ್ನು ಒಂದೇ ಪ್ರಶ್ನೆ ಕೇಳುತ್ತೇನೆ. ನೀನು ಕಳಿಸಿದ ಕಾಗದ ಇವರಿಗೂ ಒಂದು ಪ್ರತಿ ಕೊಟ್ಟಿದ್ದಾರೆ. ಎಣಿಸಿದೆ, ಬರೀ ನಲವತ್ತು ಸಾಲು. ಬೆಳಿಗ್ಗೆ ಎಂಟರಿಂದ ದುಡಿದವರ ದಿನ ನಲವತ್ತು ಸಾಲೇ? ಉಳಿದದ್ದನ್ನು ನೀನು ಓದಿದ್ದೀಯಾ? ನಾನು ಒಂದು ರವಿಕೆ ಹೊಲಿಯುವುದಕ್ಕೂ ಏಳು ಕಡೆ ಅಳತೆ ತೆಗೆಯುತ್ತೇನೆ. ನೀನು ಭಾವನನ್ನು ತೋಳಿನ ತುದಿ ನೋಡಿ ಕತ್ತರಿಸಿಬಿಟ್ಟೆ.

ನಾನಂತೂ ಅವರನ್ನು ನಂಬಿದ್ದೇನೆ. ಇಡೀ ಊರು ಬಂದು ಹೇಳಿದರೂ ನಂಬುತ್ತೇನೆ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೋ.

ಅಕ್ಕ


ಏಪ್ರಿಲ್ 2

ಅಕ್ಕ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಇದು ಐದನೆಯದು, ಇದನ್ನಾದರೂ ಡಬ್ಬಿಗೆ ಹಾಕುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ಓದಿರಲಿಲ್ಲ. ಅಪಘಾತವಾದ ಮೇಲೆ ಕ್ರೇನು ನಿಂತುಹೋಗಿತ್ತು, ಆದ್ದರಿಂದ ಕೊನೆಯ ನಲವತ್ತು ಸಾಲು ಸಾಕು ಎಂದುಕೊಂಡೆ. ಫೈಲಿನ ಕೊನೆಗೆ ಹೋಗಿ, ನಲವತ್ತು ಸಾಲು ಹಿಂದೆ ಬಂದು, ಅಲ್ಲಿಂದ ಮುದ್ರಿಸಿ ಕಳಿಸಿದೆ. ಹತ್ತು ನಿಮಿಷದ ಕೆಲಸ. ನಿನ್ನ ಮಾತು ಚುಚ್ಚಿದ್ದಕ್ಕೆ, ನಿನ್ನನ್ನು ಸುಳ್ಳು ಮಾಡಬೇಕೆಂಬ ಹಟದಿಂದಲೇ, ಇಡೀ ದಿನದ ಫೈಲನ್ನು ಮೊದಲಿನಿಂದ ಓದಲು ಕೂತೆ.

ಇಪ್ಪತ್ತನೆಯ ಸಾಲು: ಬೆಳಿಗ್ಗೆ 8:52, ಕೆಳಗಿಳಿಸು. ಇಪ್ಪತ್ತೊಂದನೆಯ ಸಾಲು: ಮಧ್ಯಾಹ್ನ 3:42, ಹಾರ್ನ್. ಇಪ್ಪತ್ತೆರಡು, ಹಾರ್ನ್. ಇಪ್ಪತ್ಮೂರು, ಹಾರ್ನ್. ಇಪ್ಪತ್ನಾಲ್ಕು: ಬೆಳಿಗ್ಗೆ 8:55, ಎಡಕ್ಕೆ.

ಭಾವ ಒತ್ತಿದ್ದರು ಅಕ್ಕ. ಮೂರು ಸಲ ಒತ್ತಿದ್ದರು. ಕಟ್ಟು ಸರಿದದ್ದು 3:43ಕ್ಕೆ.

ಕುರ್ಚಿಯಿಂದ ಎದ್ದವನು ರಸ್ತೆಗಿಳಿದು ಸುಮ್ಮನೆ ನಡೆದೆ. ಹೇಗಾಯಿತು ಎಂದು ನಿನಗೆ ಹೇಳಲೇಬೇಕು, ಬೇಸರ ಮಾಡಿಕೊಳ್ಳದೆ ಓದು. ಫೈಲನ್ನು ಒಂದು ರಿಜಿಸ್ಟರ್ ಎಂದುಕೊ. ಅದರ ಮೇಲೆ ಒಂದು ಕಾಣದ ಬೆರಳಿರುತ್ತದೆ. ಬರೆಯುವುದಾದರೂ ಓದುವುದಾದರೂ ಆ ಬೆರಳಿರುವ ಜಾಗದಿಂದಲೇ, ಮುಗಿದಂತೆ ಬೆರಳು ಮುಂದೆ ಸರಿಯುತ್ತದೆ. ಬೆರಳನ್ನು ಎತ್ತಿ ಬೇರೆ ಕಡೆ ಇಡಬೇಕಾದರೆ ನಮ್ಮ ಪ್ರೋಗ್ರಾಂ ತಾನೇ ಇಡುವಂತಿಲ್ಲ. ಮೆಷಿನ್ನನ್ನು ಆಳುವ ಆಪರೇಟಿಂಗ್ ಸಿಸ್ಟಮ್ಮಿಗೆ ಅರ್ಜಿ ಹಾಕಬೇಕು. ಇಂಥ ಅರ್ಜಿಗೆ ಸಿಸ್ಟಂ ಕಾಲ್ ಅನ್ನುತ್ತೇವೆ, ಬೆರಳು ಸರಿಸುವ ಅರ್ಜಿಯ ಹೆಸರು ಎಲ್‌ಸೀಕ್. ಮೊದಲಿನಿಂದ ಇಷ್ಟು ದೂರ, ಈಗಿರುವಲ್ಲಿಂದ ಇಷ್ಟು, ಕೊನೆಯಿಂದ ಇಷ್ಟು ಎಂದು ಕೇಳಿದರೆ ಅದು ಸರಿಸಿಕೊಡುತ್ತದೆ. ಯಾಕೆ ಎಂದು ಕೇಳುವುದಿಲ್ಲ.

ಪೆಟ್ಟಿಗೆಯಲ್ಲಿ ಬರೆಯುವ ಪ್ರೋಗ್ರಾಂ ಒಂದು, ಪರದೆಯ ಮೇಲೆ ತೋರಿಸುವುದು ಇನ್ನೊಂದು. ತೋರಿಸುವುದು ಬರೆಯುವುದರ ಹೊಟ್ಟೆಯಲ್ಲೇ ಹುಟ್ಟುತ್ತದೆ, ತಾಯಿ ತೆರೆದಿಟ್ಟ ಫೈಲೇ ಅದಕ್ಕೆ ಬಳುವಳಿ. ನಾನು ಅದಕ್ಕೆ ಫೈಲನ್ನು ಬೇರೆಯಾಗಿ ತೆರೆದುಕೊಟ್ಟಿದ್ದರೆ ಅದರದೇ ಒಂದು ಬೆರಳು ಸಿಗುತ್ತಿತ್ತು. ‘ತೆರೆದದ್ದೇ ಇದೆಯಲ್ಲ, ಇನ್ನೊಮ್ಮೆ ಯಾಕೆ?’ ಎಂದು ಬಿಟ್ಟೆ. ಒಂದು ಸಾಲು ಉಳಿಸಿದೆ ಎಂದು ಬೀಗಿದ್ದೂ ನೆನಪಿದೆ. ಎರಡಕ್ಕೂ ಒಂದೇ ಬೆರಳಾಯಿತು. ತೋರಿಸುವವನು ಬೆರಳನ್ನು ಮೇಲಕ್ಕೆ ಒಯ್ದರೆ, ಬರೆಯುವವನಿಗೆ ತಿಳಿಯದೆ ಅವನ ಬೆರಳೂ ಮೇಲೆ ಹೋದಂತೆ. ತೋರಿಸಿ ಮುಗಿಯುವಷ್ಟರಲ್ಲಿ ಬೆರಳು ಮತ್ತೆ ಕೊನೆಗೇ ಬಂದಿರುತ್ತದೆ, ಅದಕ್ಕೇ ನಾಲ್ಕು ವರ್ಷ ಯಾರಿಗೂ ತಿಳಿಯಲಿಲ್ಲ. ಯಾರ್ಡಿನವರು ಆ ಪರದೆಯನ್ನು ತೆರೆಯುವುದೂ ಅಪರೂಪ.

ಆ ದಿನ ತೆರೆದವನು ನಾನು. ಮೊದಲ ಪುಟ ಬಂತು, ಪುಟಕ್ಕೆ ಇಪ್ಪತ್ತು ಸಾಲು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಗದ್ದಲವೆಂದು ಹಿಂದಿನ ಅಂಗಳಕ್ಕೆ ಹೋಗಿ ಮಾತಾಡಿದೆ, 3:41ಕ್ಕೆ, ಒಂದು ನಿಮಿಷ ನಲವತ್ತು ಸೆಕೆಂಡು. ಬೆರಳು ಇಪ್ಪತ್ತನೆಯ ಸಾಲಿನ ಕೆಳಗೇ ನಿಂತಿತ್ತು. ಭಾವನ ಮೂರು ಹಾರ್ನುಗಳು ಅಲ್ಲೇ, ಬೆಳಗಿನ ಮೂರು ಸಾಲುಗಳನ್ನು ಅಳಿಸಿ, ಅವುಗಳ ಮೇಲೆ ಬಿದ್ದವು. ನಾನು ಬಂದು ಸರಸರನೆ ಪುಟ ಮಗುಚಿ ಕೊನೆ ಮುಟ್ಟಿಸಿದೆ. ಆಮೇಲಿನ ‘ಬಲಕ್ಕೆ’ ಸರಿಯಾಗಿ ಕೊನೆಯಲ್ಲೇ ಬಿತ್ತು.

ಆ ಕರೆ ನಿನ್ನದು. ‘ರಾತ್ರಿ ಊಟಕ್ಕೆ ಬರ್ತೀಯೇನೋ, ಇಲ್ಲ ಹಂಗೇ ಓಡಿಹೋಗ್ತೀಯೋ?’ ಎಂದು ನೀನು ಕೇಳಿದ್ದೆ. ನಿನ್ನ ತಪ್ಪು ಎಂದು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡ. ಮುಚ್ಚಿಟ್ಟರೆ ಅದೊಂದು ಬೇರೆ ಹುಣ್ಣಾಗುತ್ತದೆ ಎಂದು ಬರೆದೆ.

ಈಗ ಕಷ್ಟದ ಮಾತು. ನಮ್ಮ ಕಂಪನಿಯ ಯಜಮಾನರಿಗೆ ತೋರಿಸಿದೆ. ಅವರು ಬಾಗಿಲು ಹಾಕಿ ಬಂದು, ‘ಹೊಸ ಪ್ರೋಗ್ರಾಮಿನಲ್ಲಿ ಸರಿ ಮಾಡಿಬಿಡು. ಬಾಯಿಬಿಟ್ರೆ ಅರವತ್ತು ಕಡೆಯವರೂ ಮೈಮೇಲೆ ಬೀಳ್ತಾರೆ. ನಿನ್ನ ಭಾವನ ವಿಷ್ಯ ನಾನೇ ಮಾತಾಡಿ ಮೆತ್ತಗೆ ಮುಗಿಸ್ತೀನಿ’ ಎಂದರು. ನನಗೆ ಎರಡು ವಾರ ಕೊಡು. ಅಲ್ಲಿಯವರೆಗೆ ಭಾವನಿಗೆ ಹೇಳಬೇಡ. ನಾನು ಹೇಡಿ ಎಂದು ನಿನಗೆ ಅನ್ನಿಸಿದರೆ ನನಗೂ ಅನ್ನಿಸುತ್ತಿದೆ.

ತಮ್ಮ


ಏಪ್ರಿಲ್ 6

ಗಡಿಬಿಡಿ,

ಕಾಗದ ನಿನ್ನೆ ಬಂತು. ಅವರು ಸ್ನಾನಕ್ಕೆ ಹೋಗಿದ್ದಾಗ ನಿಂತೇ ಓದಿದೆ. ಬೆರಳಿನ ಕಥೆ ಅರ್ಧ ಅರ್ಥವಾಯಿತು. ಮೂರು ಹಾರ್ನ್ ಎಂಬುದು ಪೂರ್ತಿ ಅರ್ಥವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎತ್ತು ನಿನ್ನದು, ಬರೆ ನಮ್ಮ ಮನೆಯಲ್ಲಿದೆ.

ಬೈಯಲು ಕೂತೆ, ಆಗುತ್ತಿಲ್ಲ. ಯಾಕೆಂದು ಹೇಳುತ್ತೇನೆ. ಇದನ್ನು ಇನ್ನಾರಿಗೂ ಹೇಳಿಲ್ಲ.

ದಪ್ಪ ಅಕ್ಷರದಲ್ಲಿ ಓದಿಕೋ ಎಂದು ಬರೆದೆನಲ್ಲ, ಅದಾದ ನಾಲ್ಕನೆಯ ದಿನ ಸಂಜೆ ಬಟ್ಟೆ ಮಡಿಸುತ್ತಿದ್ದೆ. ಅವರು ಎದುರಿಗೆ ಕೂತಿದ್ದರು. ಬಾಯಿಂದ ಜಾರಿಹೋಯಿತು: ‘ನನ್ನ ಹತ್ರ ಆದ್ರೂ ನಿಜ ಹೇಳಿ. ಒತ್ತಿದ್ರಾ?’

ಅವರು ನನ್ನನ್ನೇ ನೋಡಿದರು. ‘ಒತ್ತಿದೆ’ ಎಂದರು. ಮಾರನೆಯ ದಿನ ನಾನು ಕೇಳದಿದ್ದರೂ ತಾವಾಗಿಯೇ, ‘ಒತ್ತಿದೆ ಅನ್ಸುತ್ತೆ’ ಎಂದರು. ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ, ‘ಗೊತ್ತಿಲ್ಲ ಕಣೇ. ನಿನಗೂ ಹಂಗನ್ಸಿದ್ರೆ ಒತ್ತಿಲ್ವೇನೋ’ ಎಂದರು. ಅಂದಿನಿಂದ ಅವರ ಮುಖ ನೋಡಿ ಮಾತಾಡಲು ನನಗೆ ಧೈರ್ಯವಿಲ್ಲ. ಬಟ್ಟೆ ನೋಡಿಕೊಂಡು ಮಾತಾಡುತ್ತೇನೆ. ನಿನ್ನ ಪೆಟ್ಟಿಗೆ ಅವರ ಕೆಲಸ ತೆಗೆಯಿತು. ಅವರ ಕೈಯ ಮೇಲಿನ ನಂಬಿಕೆ ತೆಗೆದವಳು ನಾನು.

ಹದಿನೇಳಕ್ಕೆ ವಿಚಾರಣೆ. ‘ಒತ್ತದೇ ಇರಬಹುದು, ಕ್ಷಮಿಸಿ’ ಎಂದು ಬರೆದುಕೊಟ್ಟರೆ ಕೆಳಗೆ ಉಗ್ರಾಣದ ಬಾಗಿಲು ಕಾಯುವ ಕೆಲಸ ಕೊಡುತ್ತಾರಂತೆ. ಬರೆದಿಟ್ಟುಕೊಂಡಿದ್ದಾರೆ, ರುಜು ಹಾಕುವುದೊಂದು ಬಾಕಿ. ನಿನ್ನ ಯಜಮಾನರು ‘ಮೆತ್ತಗೆ ಮುಗಿಸುವುದು’ ಅಂದರೆ ಇದೇ ಇರಬೇಕು.

ಅವರಿಗೆ ನಾನಿನ್ನೂ ಹೇಳಿಲ್ಲ. ನಿನ್ನ ಮಾತಿಗೆ ಬೆಲೆ ಕೊಟ್ಟು ಅಲ್ಲ. ಹೇಳಿದ ಮೇಲೆ ನೀನು ಹಿಂದೆ ಸರಿದರೆ, ಆ ಮನುಷ್ಯನನ್ನು ಇನ್ನೊಂದು ಸಲ ಎತ್ತಿ ನಿಲ್ಲಿಸುವ ಶಕ್ತಿ ನನಗಿಲ್ಲ. ನಿನ್ನ ಕಾಗದವನ್ನು ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ ಬಟ್ಟೆಯ ಚೂರುಗಳ ಕೆಳಗೆ ಇಟ್ಟಿದ್ದೇನೆ. ಬರುತ್ತೀಯೋ ಇಲ್ಲವೋ, ಹದಿನೇಳರ ಬೆಳಿಗ್ಗೆ ಗೊತ್ತಾಗುತ್ತದೆ. ಉತ್ತರ ಬರೆಯಬೇಡ.

ಅಕ್ಕ


ಏಪ್ರಿಲ್ 19

ಅಕ್ಕ,

ಭಾವ ಬಂದು ಹೇಳಿರುತ್ತಾರೆ, ಅಥವಾ ‘ಹೂಂ’ ಎಂದಿರುತ್ತಾರೆ. ಆದ್ದರಿಂದ ನಾನೇ ಬರೆಯುತ್ತೇನೆ. ಊರಿಗೆ ಬಂದೂ ಮನೆಗೆ ಬಾರದೆ ಹೋದದ್ದಕ್ಕೆ ಬೈಯಬೇಡ. ನಿನ್ನ ಬೀದಿಯ ತಿರುವಿನವರೆಗೂ ಬಂದು ಹಿಂತಿರುಗಿದೆ.

ಉದ್ದ ಮೇಜು, ಆಚೆ ಮೂವರು ಅಧಿಕಾರಿಗಳು. ಈಚೆ ಬೆಂಚಿನಲ್ಲಿ ಭಾವ, ಅವರಿಂದ ಎರಡು ಮೊಳ ದೂರದಲ್ಲಿ ಊರುಗೋಲು ಹಿಡಿದ ಆ ಸರಪಳಿಯವನು. ಭಾವನ ಕೈಯಲ್ಲಿ ಮಡಿಸಿದ ಕಾಗದವಿತ್ತು. ನನ್ನನ್ನು ಕಂಡು ಅವರ ಹುಬ್ಬು ಮೇಲೇರಿತು. ನಾನು ಕರೆಯದೆ ಬಂದವನು, ಬಾಗಿಲಲ್ಲೇ ತಡೆದರು. ‘ಆ ಕಾಗದ ಕಳಿಸಿದವನು ನಾನೇ, ಅದು ತಪ್ಪು’ ಎಂದ ಮೇಲೆ ಒಳಗೆ ಬಿಟ್ಟರು.

ಇಪ್ಪತ್ತೊಂದನೆಯ ಸಾಲು ತೋರಿಸಿದೆ. ನನ್ನ ಫೋನಿನ ಕರೆಪಟ್ಟಿ ತೋರಿಸಿದೆ. ಹಿರಿಯ ಅಧಿಕಾರಿ ಕನ್ನಡಕ ತೆಗೆದು, ‘ಅಲ್ರೀ, ಪೆಟ್ಟಿಗೆ ತಪ್ಪು ಅಂತೀರಿ. ಹಂಗಾದ್ರೆ ಈ ಮೂರು ಸಾಲು ಮಾತ್ರ ಹೆಂಗ್ರೀ ಸರಿ? ಭಾಮೈದ ಬರ್ದಿದ್ದು ಅಂತ ನಂಬ್ಬೇಕಾ?’ ಎಂದರು. ಇದನ್ನು ಕೇಳುತ್ತಾರೆಂದು ಗೊತ್ತಿತ್ತು. ಅದೇ ಪ್ರೋಗ್ರಾಂ ಇರುವ ಇನ್ನೊಂದು ಪೆಟ್ಟಿಗೆಯನ್ನು ಬ್ಯಾಗಿನಲ್ಲಿ ಹೊತ್ತು ತಂದಿದ್ದೆ. ಮೇಜಿನ ಮೇಲಿಟ್ಟು, ಗುಂಡಿಗಳನ್ನು ಐವತ್ತು ಸಲ ಒತ್ತಿ, ಮೊದಲ ಪುಟ ತೆರೆದು ಕೈ ಹಿಂದೆ ಕಟ್ಟಿ ನಿಂತೆ. ‘ಈಗ ನೀವೇ ಹಾರ್ನ್ ಒತ್ತಿ ಸಾರ್’ ಎಂದೆ. ಅವರು ಒತ್ತಿದರು. ಫೈಲಿನ ಕೊನೆಯಲ್ಲಿ ಹುಡುಕಿದರು, ಇಲ್ಲ. ಇಪ್ಪತ್ತೊಂದನೆಯ ಸಾಲಿನಲ್ಲಿ ಇತ್ತು. ಮತ್ತೆ ಮೊದಲಿನಿಂದ ಮಾಡಿಸಿದರು. ಮೂರನೆಯ ಸಲ ಪಕ್ಕದವರ ಕೈಯಲ್ಲಿ ಒತ್ತಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ಬರೆದುಕೊಂಡರು.

ಆಗ ಮಾತಾಡಿದವನು ಸರಪಳಿಯವನು. ‘ಹಾರ್ನ್ ಹೊಡೆದ್ರೂ ಹೋಗಿದ್ದು ನನ್ನ ಕಾಲೇ ಅಲ್ವಾ ಸಾಮಿ. ಆ ಮೆಷಿನ್ನುಗಳ ಸದ್ದಲ್ಲಿ ಹಾರ್ನ್ ಯಾರಿಗೆ ಕೇಳುತ್ತೆ?’ ಎಂದ. ಅದನ್ನೂ ಬರೆದುಕೊಂಡರು. ಭಾವ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತರು, ತಮ್ಮ ಕಾಗದವನ್ನು ಜೇಬಿಗಿಟ್ಟುಕೊಂಡರು.

ಹೊರಗೆ ಬಂದ ಮೇಲೆ ‘ಭಾವ, ತಪ್ಪು ನನ್ನದು’ ಎಂದೆ. ಅವರು ಗಡಿಯಾರ ನೋಡಿ, ‘ನಿನ್ನ ಬಸ್ಸಿಗೆ ಹೊತ್ತಾಗ್ಲಿಲ್ವಾ?’ ಎಂದರು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಬಸ್ಸಿಗೆ ಹೊತ್ತಾಯಿತು ಎಂದವರ ಕಾಲು ಹಿಡಿಯುವುದು ಹೇಗೆ?

ಯಜಮಾನರು ನಾಳೆಯಿಂದ ಬರಬೇಡ ಎಂದಿದ್ದಾರೆ. ಅದಕ್ಕೆ ಮೊದಲೇ ಅರವತ್ತು ಕಡೆಗೂ ನನ್ನ ತಪ್ಪನ್ನು ಬರೆದು ಹಾಕಿದ್ದೆ. ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ, ನನ್ನ ಚಿಂತೆ ಬೇಡ. ಕೋಣೆಯಲ್ಲಿ ಕೂತರೆ ಎದ್ದು ನಿಲ್ಲಬೇಕೆನಿಸುತ್ತದೆ, ನಿಂತರೆ ನಡೆಯಬೇಕೆನಿಸುತ್ತದೆ. ಭಾವನಿಗೆ ಈಗ ನನ್ನ ಏಪ್ರಿಲ್ ಎರಡರ ಕಾಗದ ತೋರಿಸಬಹುದು. ಮುಚ್ಚಿಡುವುದು ಏನೂ ಉಳಿದಿಲ್ಲ.

ತಮ್ಮ


ಮೇ 3

ತಮ್ಮಾ,

ಮೊದಲು ಸಂತೋಷದ ಸುದ್ದಿ. ನಿನ್ನೆ ಆದೇಶ ಕೈಗೆ ಬಂತು. ತಪ್ಪಿಲ್ಲ ಎಂದು ಬರೆದಿದ್ದಾರೆ, ಮತ್ತೆ ಅದೇ ಕ್ರೇನು. ಕಟ್ಟು ಸರಿಯುವಾಗ ಕತ್ತರಿಸುವ ಯಂತ್ರಗಳನ್ನು ನಿಲ್ಲಿಸಬೇಕೆಂದು ಹೊಸ ನಿಯಮವನ್ನೂ ಮಾಡಿದ್ದಾರೆ. ಸರಪಳಿಯವನಿಗೆ ಕೂತು ಮಾಡುವ ಕೆಲಸ ಸಿಕ್ಕಿದೆ. ನೀನು ಬಂದದ್ದಕ್ಕೆ ನಾನು ನಿನಗೆ ಏನು ಹೇಳಲಿ? ಬಂದೆಯಲ್ಲ, ಅಷ್ಟು ಸಾಕು. ಇನ್ನು ಮೇಲೆ ಫೋನ್ ಮಾಡು, ಎತ್ತುತ್ತೇನೆ. ಆದರೆ ಈ ಒಂದು ಕಾಗದ ಬರೆಯಲೇಬೇಕಾಗಿದೆ, ಇದನ್ನು ಬಾಯಲ್ಲಿ ಹೇಳಲಾರೆ.

ನಿನ್ನೆ ಸಂಜೆ ಆದೇಶ ಓದಿ ಮುಗಿಸಿದ ಮೇಲೆ ಖಾನೆಯಿಂದ ನಿನ್ನ ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ನಿಧಾನವಾಗಿ ಓದಿದರು. ಬೆರಳಿನ ಕಥೆಯನ್ನು ಎರಡು ಸಲ ಓದಿ, ‘ಪಾಪ, ಬುದ್ಧಿವಂತ ಕಣೇ ನಿನ್ನ ತಮ್ಮ’ ಎಂದು ನಕ್ಕರು. ಎಷ್ಟೋ ದಿನದ ಮೇಲೆ ಆ ನಗು ಕಂಡು ನಾನೂ ನಕ್ಕೆ. ಆಮೇಲೆ ಕಾಗದದ ಮೇಲ್ತುದಿಯ ತಾರೀಖು ನೋಡಿದರು.

‘ಇದು ಯಾವತ್ತು ಬಂತು?’ ಎಂದರು.

‘ಐದನೇ ತಾರೀಖು’ ಎಂದೆ.

ಸಿಟ್ಟಿಲ್ಲದೆ, ಮಾಮೂಲಿ ದನಿಯಲ್ಲೇ ಹೇಳಿದರು: ‘ಅದೇ ಅನ್ಕೊಂಡೆ. ಅವತ್ತಿಂದ್ಲೇ ನೀನು ಮತ್ತೆ ನನ್ನ ಮುಖ ನೋಡಿ ಮಾತಾಡೋಕೆ ಶುರು ಮಾಡಿದ್ದು. ನಾನೇನೋ, ಪೆಟ್ಟಿಗೆ ಏನಾದ್ರೂ ಹೇಳ್ಲಿ ಬಿಡು ಅಂತ ನಿನಗೆ ನನ್ನ ಮೇಲೆ ನಂಬಿಕೆ ಬಂತೇನೋ ಅನ್ಕೊಂಡಿದ್ದೆ.’

ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

ನನಗೇ ಗೊತ್ತಿರಲಿಲ್ಲ ಕಣೋ. ಆ ದಿನದಿಂದ ಅವರ ಮುಖ ನೋಡುತ್ತಿದ್ದೆ ಎಂದು ಅವರು ಹೇಳುವವರೆಗೂ ನನಗೆ ತಿಳಿದಿರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ, ಸುಳ್ಳು ಹೇಳಲಾಗಲಿಲ್ಲ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಟರು. ಬಾಗಿಲವರೆಗೆ ಹೋದೆ. ‘ಹೋಗ್ಬರ್ತೀನಿ’ ಎಂದು ನನ್ನ ಭುಜ ತಟ್ಟಿ ಹೋದರು, ಎಂದಿನ ಹಾಗೆಯೇ. ಹೊಲಿಗೆಗೆ ಕೂತರೆ ಕೈ ಓಡುತ್ತಿಲ್ಲ. ಸಂಜೆ ಅವರು ಬರುವುದರೊಳಗೆ ಏನು ಹೇಳಬೇಕೆಂದು ಯೋಚಿಸುತ್ತಲೇ ಇದ್ದೇನೆ.

ಅಕ್ಕ